ಮೊಣಕಾಲ ಕೆಳಗಿನ ನಡಿಗೆ

೧೭ ಜುಲೈ ೨೦೦೫, ಭಾನುವಾರ

ಗೊಬ್ಬರದಂಗಡಿಯವರು ಪುಕ್ಕಟೆ ದಯಪಾಲಿಸಿದ, ರಟ್ಟಿನ ಮೇಲೆ ಯೂರಿಯಾ ಚೀಲದ ಭಾವಚಿತ್ರ ಧರಿಸಿರುವ, ಸಕಲ ಗುಪ್ತ ಸಮಾಚಾರ ಸಂರಕ್ಷಕ, ಮೌನವ್ರತ ಧುರಂಧರ ಶ್ರೀ ಶ್ರೀ ಡೈರಿ ಮಹಾಸ್ವಾಮಿಗಳ ಪಾದಾರವಿಂದಗಳಿಗೆ — ತೆಲಿಗಿ ಗ್ರಾಮವಾಸಿ, ಬಿ.ಕಾಂ. ಎರಡನೇ ವರ್ಷ, ಎರಡು ಸಬ್ಜೆಕ್ಟ್ ಬಾಕಿ, ಗವಿಸಿದ್ದೇಶನು ಮಾಡುವ ಶಿರಸಾಷ್ಟಾಂಗ ಪ್ರಣಾಮಗಳು. ತರುವಾಯ ಇತ್ತ ಎಲ್ಲರೂ ಕ್ಷೇಮ. ಅಂದರೆ, ಕ್ಷೇಮ ಇಲ್ಲ. ಹಾಗೆ ಬರೆಯೋ ರೂಢಿ, ಅಷ್ಟೇ.

ಇವತ್ತೂ ಎದುರು ಮನೆ ಕಟ್ಟೆಯ ಮೇಲೆ ದೊಡ್ಡಪ್ಪನ ನಡಿಗೆ-ದರ್ಶನ ಜರುಗಿತು. ಕೊಟ್ಟೂರಿನ ಒಬ್ಬ ಯಜಮಾನರು, ಚಪ್ಪೆ ಕೀಲು, ಅಂದರೆ ಸೊಂಟದ ಕೀಲು, ಸವೆದವರು. ಆಪರೇಶನ್ ಮಾಡಿಸಿಕೊಳ್ಳಲೋ ಬೇಡವೋ ಅಂತ ಕೇಳಲು ಬಂದಿದ್ದರು. ಹೋದ ತಿಂಗಳು ಹಡಗಲಿಯವರು, ಅದಕ್ಕೂ ಮೊದಲು ಕೂಡ್ಲಿಗಿಯ ಮೇಷ್ಟ್ರು. ಕಾರ್ಯಕ್ರಮ ಯಾವಾಗಿನದೇ. ಚಹಾ, ಮಂಡಕ್ಕಿ, ಜರ್ಮನಿ ಕಥೆ, ಕೊನೆಗೆ ನಡಿಗೆ.

ಗುರುಶಾಂತಪ್ಪ ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ. ಗ್ರಾನೈಟ್ ವ್ಯಾಪಾರ. ತೊಂಬತ್ತೆಂಟರಲ್ಲಿ ಕಲ್ಲು ಮಾರಲು ಜರ್ಮನಿಗೆ ಹೋದವರು ಚಪ್ಪೆ ಕೀಲು ಬದಲಿಸಿಕೊಂಡು ಬಂದರು. ಈ ಮನುಷ್ಯ ಎರಡು ಮೆಟ್ಟಿಲು ಹತ್ತಲು ಪಡುವ ಪಾಡು ನೋಡಿ ಅಲ್ಲಿಯ ಖರೀದಿದಾರನೇ ಆಸ್ಪತ್ರೆಗೆ ಸೇರಿಸಿದನಂತೆ. ತೊಡೆ ಮೂಳೆ ಕೊರೆದದ್ದು ರೋಬೋಟ್.

"ಡಾಕ್ಟರ್ ಕೈ ಕಟ್ಕೊಂಡು ನಿಂತಿದ್ನಂತ್ರಿ. ಮಶಿನ್ನೇ ಕೊರೀತು. ನಮ್ಮ ಕ್ವಾರಿಯಾಗ ಬ್ಲಾಕ್ ಕಟ್ ಮಾಡ್ತೀವಲ್ಲ, ಅದಕ್ಕಿಂತ ನೀಟು. ಕೂದಲೆಳಿ ಫರಕ್ ಇಲ್ಲ."

ಆಮೇಲೆ ಎದ್ದು, ನನ್ನ ಹೆಗಲ ಮೇಲೆ ಕೈ ಹಾಕಿ, ಕಟ್ಟೆಯಿಂದ ಬಾಗಿಲವರೆಗೆ ಪಾದ ಬೆಳೆಸಿದರು. ಕೊಟ್ಟೂರಿನವರು ಕೈ ಮುಗಿದರು. ಮಂಗಳಾರತಿ ಒಂದೇ ಬಾಕಿ.

೧೯ ಜುಲೈ

ದಾವಣಗೆರೆಗೆ ಹೋಗಿ ಬಂದೆವು, ಅವ್ವ ಮತ್ತು ನಾನು. ಅಪ್ಪ ಮೆಕ್ಕೆಜೋಳದ ಲಾರಿ ಮೇಲೆ ತಮಿಳುನಾಡಿನ ನಾಮಕ್ಕಲ್ಲಿಗೆ. ಯಾವಾಗಲೂ ನಾಮಕ್ಕಲ್ಲಿಗೆ.

ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು ನೋಡಿದರು. ಬಲಗಡೆ ಕೀಲು ಪೂರ್ತಿ ಸವೆದಿದೆ. ಬದಲಿಸಬೇಕು. ಇಲ್ಲವಾದರೆ ವರ್ಷದೊಳಗೆ ಯಾರು ಎತ್ತಿದರೂ ಮಂಚ ಬಿಟ್ಟು ಏಳೋದು ಕಷ್ಟ. ಅವ್ವನಿಗೆ ನಲವತ್ತೈದು.

ಅವರ ಹತ್ತಿರ ರೋಬೋಟ್ ಇಲ್ಲ. ಕೈಯಿಂದಲೇ ಮಾಡೋದು.

ಹರಪನಹಳ್ಳಿಯಲ್ಲಿ ಅವ್ವ ಬಸ್ಸು ಇಳಿಯುವಾಗ ಹೇಳಿದಳು — "ಭಾವಾರು ಏಳು ವರ್ಷದ ಮ್ಯಾಲೆ ಹೆಂಗ ನಡೀತಾರ ನೋಡ್ತೀನಿ. ನೆಟ್ಟಗ ನಡದ್ರ ಹೂಂ ಅಂತೀನಿ. ಇಲ್ಲಾಂದ್ರ ಯಾರೂ ನನ್ನ ಸುದ್ದಿಗೆ ಬರಬ್ಯಾಡ್ರಿ."

ಎದುರು ಮನೆಯವರ ನಡಿಗೆ ಏಳು ವರ್ಷದಿಂದ ನೋಡಿಲ್ಲವೇ? ನೋಡಿಲ್ಲ. ಭಾವ ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುವವಳು. ಎದುರಾದರೆ ನೆಲ ನೋಡುವವಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಭಾವನ ಪಾದ ಬಿಟ್ಟು ಮೇಲೆ ಕಣ್ಣೆತ್ತಿಲ್ಲ. ಮುಖ ನೋಡಿದ್ದು ಫೋಟೋದಲ್ಲಿ.

೨೪ ಜುಲೈ, ಭಾನುವಾರ, ಸಂಜೆ

ಘೋರ ಅಪರಾಧ.

ಬಸ್‌ಸ್ಟ್ಯಾಂಡಿನ ಹತ್ತಿರ ಗೆಳೆಯ ಕಾಂತೇಶ, ಇನ್ನೂ ನಾಲ್ಕು ಜನ. "ಲೇ ಗವಿ, ರೋಬೋಟ್ ಸಾಹುಕಾರ್ನ ಮಾಡಲೇ." ದೊಡ್ಡಪ್ಪನ ನಡಿಗೆಯ ಅಣಕು, ನನ್ನ ಪ್ರಸಿದ್ಧ ಐಟಂ. ಕಾಲೇಜ್ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರನ್ನ ಮಾಡಿ ಮೂರು ದಿನ ಹೊರಗೆ ನಿಂತವನು ನಾನು. ಎದ್ದೆ. ಎದೆ ಉಬ್ಬಿಸಿದೆ. ಎಡಗಾಲು ಊರಿದಾಗ ಮೈಯೆಲ್ಲ ಎಡಕ್ಕೆ ವಾಲಿಸಿ, ಮತ್ತೆ ಎಳೆದುಕೊಂಡು, ಮತ್ತೆ ವಾಲಿಸಿ... ಹೊಳೆಯಲ್ಲಿ ತೆಪ್ಪ ಹೋದ ಹಾಗೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಮ್ಮೆಲೇ ನಗು ನಿಂತಿತು.

ಹಿಂದೆ ಜೀಪು. ಒಳಗೆ ದೊಡ್ಡಪ್ಪ.

ಇಳಿಯಲಿಲ್ಲ. ಬೈಯಲಿಲ್ಲ. "ಹತ್ತಲೇ" ಅಂದರು. ಕೆರೆ ಏರಿ ಮೇಲೆ ಜೀಪು ನಿಲ್ಲಿಸಿ ತಾವು ಮೊದಲು ಇಳಿದರು.

"ಇಳಿ. ಮತ್ತೊಮ್ಮಿ ಮಾಡು."

"ದೊಡ್ಡಪ್ಪ, ತಪ್ಪಾತು—"

"ಮಾಡಂದ್ನಲ್ಲ, ಮಾಡು."

ಮಾಡಿದೆ. ಅಲ್ಲೂ ಐಟಂ ಕರೆಕ್ಟಾಗಿ ಬಂತು. ಕಲೆಗಾರನ ಕರ್ಮ. ಹೋಗಿ ಬಾ ಅಂದರು, ಹೋಗಿ ಬಂದೆ. ಬಹಳ ಹೊತ್ತು ನೋಡಿದರು.

"ಹಿಂಗ ಐತೇನು?"

ಚಪ್ಪಲಿಗೆ ಹತ್ತಿದ ಮಣ್ಣು ಕೆರೆದೆ.

"ಇಷ್ಟು ವಾಲ್ತೀನೇನಲೇ ನಾನು?"

"ಎರಡು ವರ್ಷದಿಂದ ಸ್ವಲ್ಪ ಜಾಸ್ತಿ ಆಗೈತ್ರಿ."

"ಮತ್ತ ಒಬ್ರೂ ಹೇಳಲಿಲ್ಲಲ್ಲೋ."

ಯಾರು ಹೇಳುತ್ತಾರೆ? ಆಳುಗಳು ಹೇಳುತ್ತಾರಾ? ಕೈ ಮುಗಿಯುವ ಕೊಟ್ಟೂರಿನವರು ಹೇಳುತ್ತಾರಾ? ತನ್ನ ನಡಿಗೆ ತನಗೆ ಕಾಣೋದಿಲ್ಲ. ಅದಕ್ಕೊಬ್ಬ ಕೋಡಂಗಿ ಬೇಕಾಯಿತು.

ಜೀಪಿನವರೆಗೆ ನನ್ನ ಹೆಗಲು ಹಿಡಿದೇ ಬಂದರು. ಭಾರ ಇತ್ತು. ಇಷ್ಟು ವರ್ಷ ಅದನ್ನ ಪ್ರೀತಿ ಅಂದುಕೊಂಡಿದ್ದೆ.

೨ ಆಗಸ್ಟ್

ಅವ್ವ ಮತ್ತೆ ಕೇಳಿದಳು. "ಭಾವಾರು ಯಾವಾಗ ಬರ್ತಾರ?" ನಾಳೆ, ನಾಳಿದ್ದು ಅಂದೆ. ಇವತ್ತು ಮಂಚದಿಂದ ಎತ್ತುವಾಗ ತುಟಿ ಕಚ್ಚಿಕೊಂಡಳು, ರಕ್ತ ಬಂತು. ಕೆಲಸದ ಎರ್ರೆಮ್ಮ ಬೆಳಿಗ್ಗೆ ಎಂಟಕ್ಕೆ ಬಂದು ಹತ್ತಕ್ಕೆ ಹೋಗುತ್ತಾಳೆ. ಉಳಿದ ಹೊತ್ತಿನ ಸಮಸ್ತ ಸೇವಾಕಾರ್ಯ ಈ ಕಿಂಕರನದೇ.

೭ ಆಗಸ್ಟ್, ಭಾನುವಾರ

ಮಹಾಸ್ವಾಮಿಗಳೇ, ತಮ್ಮ ಶಿಷ್ಯ ಈಗ ನಡಿಗೆ ಗುರು.

ದೊಡ್ಡಪ್ಪ ಗೋಡೌನಿಗೆ ಕರೆಸಿ, ಬಾಗಿಲು ಹಾಕಿ — "ನಿಮ್ಮವ್ವ ಶೈಲಾ ನನ್ನ ನೋಡಿ ತೀರ್ಮಾನ ಮಾಡ್ತಾಳಂತ. ಖರೇ ಏನು?"

"ಖರೇ ರೀ."

"ಹಿಂಗ ನೋಡಿದ್ರ ಒಲ್ಲೆ ಅಂತಾಳ. ಮಂಚ ಹಿಡೀತಾಳ. ಮಂಚ ಹಿಡಿಯಾದು ಅಂದ್ರ ಏನಂತ ನಂಗ ಗೊತ್ತೈತಿ, ನಿಂಗ ಗೊತ್ತಿಲ್ಲ." ಆಮೇಲೆ ದನಿ ತಗ್ಗಿಸಿ — "ವಾಲದಂಗ ನಡಿಯಾದು ಹೆಂಗಲೇ? ನೀ ನನ್ನಂಗ ವಾಲ್ತೀಯಲ್ಲ, ಹಂಗಾದ್ರ ನೆಟ್ಟಗ ಮಾಡಾದೂ ಗೊತ್ತಿರಬೇಕು."

ಎರಡು ತಾಸು ಹೆಣಗಿದೆವು. ಆಗಲಿಲ್ಲ. ಮೈ ವಾಲದಿದ್ದರೆ ಕಾಲು ಏಳೋದಿಲ್ಲ. ಅವರಿಗೆ ಬೆವರು, ನನಗೆ ಬೆವರು. ಆಗ ಹೊಳೆಯಿತು. ನಮ್ಮ ನಡುಮನೆಯ ಪರದೆ! ಹೋದ ವರ್ಷ ಒಗೆದಾಗ ಕುಗ್ಗಿ ಮೊಣಕಾಲಿಗೆ ಬಂದು ನಿಂತಿದೆ. ಅವ್ವ ಪರದೆ ಹಿಂದೆ ಮಂಚದ ಮೇಲೆ. ದೊಡ್ಡಪ್ಪ ಪಡಸಾಲೆಯಲ್ಲಿ. ಅವ್ವನಿಗೆ ಕಾಣೋದು ಮೊಣಕಾಲ ಕೆಳಗೆ ಮಾತ್ರ.

ಅಂದರೆ ಪಾದ ಎರಡೂ ಒಂದೇ ಸಮ ಬಿದ್ದರೆ ಸಾಕು. ಮೇಲೆ ತೆಪ್ಪ ಹೋಗಲಿ, ಹಡಗು ಹೋಗಲಿ.

"ಗೋಡೆ ಕಡೆ ಕೈಯಾಗ ಛತ್ರಿ ಹಿಡೀರಿ, ಕಾಲಿನ ಮರಿಗೆ ಅವ್ವಗ ಕಾಣಂಗಿಲ್ಲ. ಭಾರ ಅದರ ಮ್ಯಾಲೆ. ಪಾದ ಮಾತ್ರ ಅಳತಿ ಇಟ್ಟಂಗ ಇಡ್ರಿ."

ದೊಡ್ಡಪ್ಪ ನನ್ನನ್ನೇ ನೋಡಿದರು. "ನೀ ಬಿ.ಕಾಂ. ಫೇಲಾಗಿದ್ದು ಹೆಂಗಲೇ?"

ಇದು ಮೋಸವೋ? ಅಲ್ಲ. ಮಾತೃಸೇವೆ. ಅವ್ವ ಎದ್ದು ಓಡಾಡಬೇಕು. ಅದಕ್ಕೊಂದು ಸಣ್ಣ ನಾಟಕ. ಹಾಗಂತ ಇಲ್ಲಿ ದಾಖಲಿಸಲಾಗಿದೆ.

೧೪ ಆಗಸ್ಟ್

ಆಯಿತು.

ದೊಡ್ಡಪ್ಪ ಬಂದರು. ಮಳೆ ಇಲ್ಲ, ಮೋಡ ಇಲ್ಲ, ಕೈಯಲ್ಲಿ ಛತ್ರಿ. ಎರ್ರೆಮ್ಮ ಪಾತ್ರೆ ಬಿಟ್ಟು ಬಾಯಿ ತೆರೆದು ನಿಂತಳು. ಕಣ್ಣು ಹೊಡೆದೆ. ಬಾಗಿಲಿಂದ ಗೋಡೆವರೆಗೆ, ಗೋಡೆಯಿಂದ ಬಾಗಿಲವರೆಗೆ. ಪಾದಗಳು ಮದುವಣಿಗನ ಪಾದದ ಹಾಗೆ ಹದವಾಗಿ ಬಿದ್ದವು. ಮೇಲೆ ಅವರ ಮುಖ ನೋಡಿದ್ದು ಎರ್ರೆಮ್ಮ ಬಿಟ್ಟರೆ ನಾನೊಬ್ಬನೇ. ಕತ್ತಿನ ನರ ಹಗ್ಗದಂತೆ.

"ನೋಡವ್ವ ಶೈಲಾ. ಏಳು ವರ್ಷ ಆತು."

ಪರದೆ ಹಿಂದಿನಿಂದ ಅವ್ವ — "ನೋಡಿದೆ ರೀ ಭಾವಾರ."

ಆಮೇಲೆ — "ಹೂಂ."

ನನಗೆ ಕುಣಿಯಬೇಕು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎದುರು ಮನೆಯಲ್ಲಿ ದೊಡ್ಡಪ್ಪ ಕುರ್ಚಿಯಲ್ಲಿ ತೊಡೆ ಹಿಡಿದುಕೊಂಡು ಕೂತುಬಿಟ್ಟರು.

೨೯ ಆಗಸ್ಟ್, ಶ್ರಾವಣದ ಕೊನೇ ಸೋಮವಾರ

ಇದನ್ನೂ ಬರೆಯುತ್ತೇನೆ.

ಆಪರೇಶನ್ನಿಗೆ ಮೊದಲು ಮನೆಯಲ್ಲಿ ಮಠದ ಅಜ್ಜಾರ, ಅಂದರೆ ಸ್ವಾಮಿಗಳ, ಪಾದಪೂಜೆ ಆಗಬೇಕು ಅಂತ ಅವ್ವನ ಹಟ. ಕೂತು ಪಾದ ತೊಳೆಯೋದು ಪ್ರತಿ ವರ್ಷ ಅಪ್ಪ. ದೊಡ್ಡಪ್ಪ ಹಿರಿಯರಾದರೂ ಕೈ ಮುಗಿದು ನಿಂತಿರುತ್ತಾರೆ. ನೆಲಕ್ಕೆ ಕೂರಬೇಡ ಅಂತ ಜರ್ಮನಿ ಡಾಕ್ಟರ ಆಜ್ಞೆ. ಈ ಸಲ ಅಪ್ಪನ ಲಾರಿ ಕೃಷ್ಣಗಿರಿ ಹತ್ತಿರ ಕೆಟ್ಟು ನಿಂತಿದೆ. ನಾನು ಕೂರುತ್ತೇನೆ ಅಂದೆ. ದೊಡ್ಡಪ್ಪ ಬೇಡ, ನಾನೇ ಮಾಡ್ತೀನಿ ಅಂದರು.

ಪೂಜೆಗೆ ಅಂತ ಪರದೆ ಕಟ್ಟಿ ಮೇಲೆ ಸಿಕ್ಕಿಸಿದ್ದರು. ಬೇರೆ ವರ್ಷ ಅಡುಗೆಮನೆಯಲ್ಲಿ ಇರುತ್ತಿದ್ದ ಅವ್ವನ ಮಂಚ ಈಗ ನೇರ ಎದುರಿಗೆ. ಅಜ್ಜಾರ ಮುಂದೆ ತಲೆ ಎತ್ತಬಹುದು, ಅಲ್ಲಿ ಭಾವ-ಗೀವ ಲೆಕ್ಕವಿಲ್ಲ. ನನ್ನ ಕೈಯಲ್ಲಿ ನೀರಿನ ಕೊಡ. ಅಂದರೆ ದೊಡ್ಡಪ್ಪನಿಗೆ ಹೆಗಲಿಲ್ಲ. ಅಜ್ಜಾರ ಮುಂದೆ ಛತ್ರಿಯೂ ಇಲ್ಲ.

ಬಾಗಿಲಿಂದ ಗದ್ದುಗೆವರೆಗೆ ನಡೆದು ಬಂದರು. ಅವ್ವ ನೋಡಿದಳು. ಪೂರ್ತಿ ನೋಡಿದಳು. ನಾನು ಅವಳನ್ನ ನೋಡಿದೆ. ಮುಖದಿಂದ ಏನೋ ಇಳಿದು ಹೋಯಿತು.

ದೊಡ್ಡಪ್ಪನಿಗೂ ಗೊತ್ತಾಯಿತು. ಅವಳು ನೋಡಿದ್ದು ಅವರಿಗೆ ಗೊತ್ತಾಯಿತು. ಅದಕ್ಕೇ ಕೂತರು ಅನ್ನಿಸುತ್ತದೆ.

ಅಜ್ಜಾರೇ ಅಂದರು — "ಗುರುಶಾಂತಪ್ಪ, ನಿಂತೇ ನೀರು ಹಾಕು. ಶಿವ ಏನೂ ಬೇಜಾರು ಮಾಡ್ಕೊಳಾಂಗಿಲ್ಲ."

"ನಿಮ್ಮ ಮುಂದ ನಿಂತು ಪೂಜಿ ಮಾಡ್ಲೇನ್ರಿ ಬುದ್ಧಿ? ನಂಗೇನಾಗೈತಿ?" ಅಂತ ಗೋಡೆ ಹಿಡಿದು, ನೆಲಕ್ಕೆ ಇಳಿದು, ಚಕ್ಕಳಮಕ್ಕಳ ಹಾಕಿದರು. ಏಳು ವರ್ಷದಲ್ಲಿ ಮೊದಲ ಸಲ. ನೀರು ಹಾಕಿದರು. ವಿಭೂತಿ ಹಚ್ಚಿದರು. ಪತ್ರೆ ಇಟ್ಟರು. ಏಳುವಾಗ ಮುಂದಕ್ಕೆ ಬಾಗಿದರು.

ಕೀಲು ತಪ್ಪಿದ ಸದ್ದು ನನಗೆ ಕೇಳಿಸಿತು. ಅಜ್ಜಾರಿಗೂ. ಆಮೇಲೆ ದೊಡ್ಡಪ್ಪ ಕೂಗಿದ್ದು ಇಡೀ ಓಣಿಗೆ.

ಕಾಲು ಒಳಕ್ಕೆ ತಿರುಗಿ ಗಿಡ್ಡ ಆಗಿತ್ತು. ಜೀಪಿನ ಹಿಂದಿನ ಸೀಟಿಗೆ ಕಂಬಳಿ ಸಮೇತ ಎತ್ತಿ ಹಾಕಿದೆವು. ಹರಪನಹಳ್ಳಿ ದಾಟುವವರೆಗೆ ನನ್ನ ಕೈ ಬಿಡಲಿಲ್ಲ. ಪೂಜೆ ಪೂರ್ತಿ ಆಯಿತಾ ಅಂತ ಎರಡು ಸಲ ಕೇಳಿದರು.

೩೦ ಆಗಸ್ಟ್, ದಾವಣಗೆರೆ

ಮತ್ತು ಬರಿಸಿ ಕೀಲು ಎಳೆದು ಜಾಗಕ್ಕೆ ಕೂರಿಸಿದ್ದಾರೆ. ಎರಡು ಕಾಲಿನ ನಡುವೆ ದಿಂಬು. ದಿಂಬು ಇಟ್ಟ ದೊಡ್ಡಪ್ಪ ಸಣ್ಣವರಾಗಿ ಕಾಣುತ್ತಾರೆ. ಅವ್ವನ ಡಾಕ್ಟರೇ ಇವರನ್ನೂ ನೋಡಿದ್ದು. ಎಕ್ಸರೇ ತೋರಿಸಿದರು.

"ನೋಡಪ್ಪ, ಮೂಳೆಯೊಳಗೆ ರಾಡು ಎಷ್ಟು ಚೆನ್ನಾಗಿ ಕೂತಿದೆ. ಏಳು ವರ್ಷಕ್ಕೂ ಅಲ್ಲಾಡಿಲ್ಲ. ನನ್ನ ಕೈಯಿಂದ ಇಷ್ಟು ನೀಟಾಗಿ ಆಗಲ್ಲ, ಒಪ್ಕೋತೀನಿ."

"ಮತ್ತೆ ಯಾಕೆ ಸರ್?"

"ಮೂಳೆ ಕೊರೆಯೋಕೆ ಮಶಿನ್ನಿನ ತೋಳು ಒಳಗೆ ಹೋಗಬೇಕಲ್ಲ, ಅದಕ್ಕೆ ಜಾಗ ಬೇಕು. ಜಾಗ ಮಾಡುವಾಗ ಪಕ್ಕದ ಮಾಂಸಖಂಡಕ್ಕೆ ಪೆಟ್ಟು ಬಿದ್ದಿದೆ. ಸೊಂಟ ಎತ್ತಿ ಹಿಡಿಯೋದೇ ಅದು. ಎಲ್ಲರಿಗೂ ಹೀಗೆ ಆಗಲ್ಲ. ಇವರಿಗೆ ಆಗಿದೆ. ವಯಸ್ಸಾದಂಗೆ ಇನ್ನೂ ಸೋತಿದೆ."

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು. ಆಮೇಲೆ — "ಕಟಿಂಗ್ ಸರಿ ಐತಿ ಅಂದ್ರಲ್ಲ?"

"ಕಟಿಂಗ್ ಫಸ್ಟ್ ಕ್ಲಾಸ್, ಯಜಮಾನ್ರೇ."

"ಹಂ. ಬ್ಲಾಕ್ ಚಲೋ ತಗದಾರ. ದಾರಿ ಕೆಡಿಸ್ಯಾರ."

ನಕ್ಕರು. ನಾನು ನಗಲಿಲ್ಲ. ಇದು ಮೊದಲ ಸಲ, ನನ್ನ ಬದಲು ಬೇರೆ ಯಾರೋ ನಗಿಸಲು ನೋಡಿದ್ದು.

೧ ಸೆಪ್ಟೆಂಬರ್

ಮನೆ. ಅವ್ವನದು ಗೋಡೆ ಕಡೆ ಮುಖ. ಎರ್ರೆಮ್ಮ ಎಲ್ಲ ಹೇಳಿದ್ದಾಳೆ.

"ಛತ್ರಿ ಉಪಾಯ ಯಾರ್ದು?"

"ನಂದು."

"ಪರದಿ?"

"ಅದೂ ನಂದೇ."

ಬೈದಿದ್ದರೆ ಚೆನ್ನಾಗಿತ್ತು. ಎತ್ತಲು ಹೋದೆ. ಕೈ ತಳ್ಳಿ, ತಾನೇ ಮಂಚದ ಕಾಲು ಹಿಡಿದು ಏಳಲು ನೋಡಿದಳು. ಅರ್ಧಕ್ಕೆ ಎದ್ದು ಹಾಗೇ ಕೂತಳು. "ನಾ ಒಲ್ಲೆ. ಡಾಕ್ಟರ್ಗೆ ಹೇಳು. ನಾ ಹಿಂಗಾ ಇರ್ತೀನಿ."

ಎರ್ರೆಮ್ಮ ಹೊರಗೆ ಬಂದು ನನಗೆ — "ಎಲ್ಲಾರ್ನೂ ನಗಿಸ್ತೀಯಪ್ಪ ನೀನು. ಈಗ ನಗಿಸು ನೋಡಾಣ."

೭ ಸೆಪ್ಟೆಂಬರ್

ಗಣೇಶ ಚೌತಿ. ಕಾಂತೇಶ ಪೆಂಡಾಲಿಗೆ ಕರೆಯಲು ಬಂದಿದ್ದ. ಹೋಗಲಿಲ್ಲ. ಅವ್ವ ಮಾತಾಡೋದು ಎರ್ರೆಮ್ಮನ ಜೊತೆ ಮಾತ್ರ. ನನ್ನ ಕೈಗೆ ಮೈ ಕೊಡುತ್ತಾಳೆ, ಮಾತು ಕೊಡೋದಿಲ್ಲ.

೧೦ ಸೆಪ್ಟೆಂಬರ್

ದೊಡ್ಡಪ್ಪ ಬಂದರು. ನಾಲ್ಕು ಕಾಲಿನ ವಾಕರ್. ಓಣಿಯಲ್ಲಿ ಜನ ನಿಂತು ನೋಡಿದರು. ಅವರು ಯಾರ ಕಡೆಗೂ ನೋಡಲಿಲ್ಲ.

ಅವ್ವ ಪರದೆ ಎಳೆಸಿಕೊಂಡಿದ್ದಳು.

"ಗವಿ, ಪರದಿ ತಗಿ."

"ದೊಡ್ಡಪ್ಪ, ಅವ್ವ—"

"ತಗಿಯಲೇ."

ತೆಗೆದೆ. ಅವ್ವ ಸೆರಗು ಎಳೆದುಕೊಂಡಳು, ತಲೆ ತಗ್ಗಿಸಿದಳು. "ತಲಿ ಎತ್ತವ್ವ ಶೈಲಾ. ನಿನ್ನ ಅಣ್ಣ ಅಂತ ತಿಳ್ಕೋ. ನೋಡು" ಅಂದರು. ವಾಕರ್ ನನ್ನ ಕಡೆಗೆ ತಳ್ಳಿ, ಗೋಡೆಗೆ ಬೆರಳು ತಾಗಿಸಿಕೊಂಡು ನಡೆದರು. ವಾಲುತ್ತಾ. ಏನೂ ಮುಚ್ಚಿಕೊಳ್ಳದೆ. ನನ್ನ ಐಟಮ್ಮಿಗಿಂತ ಕೆಟ್ಟದಾಗಿತ್ತು. ನಡುವೆ ನಿಂತು ಉಸಿರು ತಗೊಂಡರು. ತಿರುಗಿ ಬಂದರು.

"ಇದು ನನ್ನ ನಡಿಗಿ. ಅವತ್ತು ತೋರಿಸಿದ್ದು ಸುಳ್ಳು. ಆದ್ರ ಒಂದು ಮಾತು ಕೇಳು. ಜರ್ಮನಿಗೆ ಹೋಗಾಕಿಂತ ಮೊದಲು ನಿದ್ದಿ ಅನ್ನಾದ ಇದ್ದಿಲ್ಲ ನಂಗ. ಮಗ್ಗಲು ಬದಲಿಸಿದ್ರ ಜೀವ ಹೋದಂಗ ಆಗ್ತಿತ್ತು. ಏಳು ವರ್ಷ ಮಲಗೀನಿ, ಶೈಲಾ. ಮಕ್ಕಳು ಮಲಗಿದಂಗ ಮಲಗೀನಿ. ಅದು ಸುಳ್ಳಲ್ಲ."

ಅವ್ವ ಮಂಚದ ಅಂಚು ಹಿಡಿದು ಸ್ವಲ್ಪ ಮೇಲೆದ್ದಳು. ಆಮೇಲೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಭಾವನ ಕಣ್ಣಿಗೆ ಕಣ್ಣು ಕೊಟ್ಟು ಕೇಳಿದಳು — "ಇಷ್ಟೆಲ್ಲ ಆಗ್ತೈತಿ ಅಂತ ಅವಾಗ ಗೊತ್ತಿದ್ರ, ಮಾಡಿಸ್ಕೋತಿದ್ರೇನ್ರಿ?"

ದೊಡ್ಡಪ್ಪ ಕುರ್ಚಿ ಕೇಳಿದರು. ಕೂತರು.

"ಮಾಡಿಸ್ಕೋತಿದ್ದೆ. ಊರ ತುಂಬ ಮಶಿನ್ನು ಮಶಿನ್ನು ಅಂತ ಮೆರೀತಿದ್ದಿಲ್ಲ."

ಅವ್ವ ನಕ್ಕಳೋ ಅತ್ತಳೋ. ಸೆರಗು ಬಾಯಿಗೆ ಅಡ್ಡ ಇತ್ತು.

೧೩ ಸೆಪ್ಟೆಂಬರ್

ದಾವಣಗೆರೆ. ಅವ್ವ ಡಾಕ್ಟರನ್ನ ಕೇಳಿದ ಮೊದಲ ಪ್ರಶ್ನೆ — "ಮೂಳಿ ಹೆಂಗಾರ ಕೊಯ್ರಿ. ಮಾಂಸ ಎಲ್ಲಿ ಕೊಯ್ತೀರಿ, ತೋರಿಸ್ರಿ." ಡಾಕ್ಟರು ಎದ್ದು ನಿಂತು ತಮ್ಮ ಸೊಂಟದ ಮೇಲೇ ಬೆರಳಿಂದ ಗೆರೆ ಎಳೆದು ತೋರಿಸಿದರು. ನೆಟ್ಟಗೆ ನಡೀತೀನಾ ಅಂದಳು. ನಡೀತೀರಿ ಅನ್ಸುತ್ತೆ, ಬರೆದು ಕೊಡಲ್ಲ ಅಂದರು. ಎಷ್ಟು ವರ್ಷ ಬರ್ತೈತಿ ಅಂದಳು. ಹದಿನೈದು ಅಂತ ಹೇಳ್ತಾರೆ, ನಾನು ಇನ್ನೂ ಅಷ್ಟು ವರ್ಷ ಯಾರನ್ನೂ ನೋಡಿಲ್ಲ ಅಂದರು. ಅವ್ವನಿಗೆ ಈ ಉತ್ತರ ಸೇರಿತು. ಆಪರೇಶನ್ ಸೋಮವಾರ ಅಂತ ನಿಗದಿಯಾಯಿತು.

೧೯ ಸೆಪ್ಟೆಂಬರ್, ಸೋಮವಾರ, ಬೆಳಿಗ್ಗೆ ಹತ್ತೂವರೆ

ಒಳಗೆ ಕರೆದುಕೊಂಡು ಹೋದರು. ಮೂಗುತಿ ತೆಗೆಸಿ ನನ್ನ ಕೈಗೆ ಕೊಟ್ಟರು. ಮೂಗುತಿ ಇಲ್ಲದ ಅವ್ವ ಯಾರೋ ಹುಡುಗಿಯ ಹಾಗೆ ಇದ್ದಳು. ಅಪ್ಪ ಚಹಾ ಅಂಗಡಿಯಲ್ಲಿ, ಲಾರಿ ಬಟ್ಟೆಯಲ್ಲೇ ಬಂದಿದ್ದಾನೆ. ದೊಡ್ಡಪ್ಪ ಬಾಗಿಲ ಪಕ್ಕ ಎತ್ತರದ ಕುರ್ಚಿಯಲ್ಲಿ, ವಾಕರ್ ಮೇಲೆ ಗದ್ದ ಇಟ್ಟು. ಪೂಜೆಗೆ ಕೂತವರ ಹಾಗೆ ಇದ್ದಾರೆ.

ಟ್ರಾಲಿ ತಿರುಗುವಾಗ ಅವ್ವ ನನ್ನ ಕಡೆ ನೋಡಿ ಅಂದಳು — "ಇನ್ನ ನಿಂಗೂ ಆರಾಮಪ್ಪ." ಅಷ್ಟೇ. ಬೇರೆ ಏನೂ ಇಲ್ಲ. ಬಾಗಿಲು ಹಾಕಿದರು.

ಮಹಾಸ್ವಾಮಿಗಳೇ. ಬೇಡ, ಮಹಾಸ್ವಾಮಿ ಗಿಹಾಸ್ವಾಮಿ ಎಲ್ಲ ಬೇಡ.

ಮಾತೃಸೇವೆ ಅಂತ ಬರೆದೆ. ಅವ್ವ ಓಡಾಡಲಿ ಅಂತ ದೊಡ್ಡಪ್ಪನಿಗೆ ಪಾದ ಇಡೋದು ಕಲಿಸಿದೆ ಅಂತ ಬರೆದೆ. ಅದಲ್ಲ. ದಿನಾ ಕಂಕುಳಿಗೆ ಕೈ ಕೊಟ್ಟು ಎತ್ತಿ ಬಚ್ಚಲ ಬಾಗಿಲವರೆಗೆ ನಡೆಸಿ, ಹೊರಗೆ ಗೋಡೆ ಕಡೆ ಮುಖ ಮಾಡಿ ನಿಂತು, ಮತ್ತೆ ಎತ್ತಿಕೊಂಡು ಬರೋದು ನನಗೆ ಸಾಕಾಗಿತ್ತು. ಅವಳು ಕರೆದರೆ ಎಷ್ಟೋ ಸಲ ಕೇಳಿಸದವನ ಹಾಗೆ ಹಿತ್ತಲಲ್ಲಿ ನಿಂತಿದ್ದೇನೆ. ಅವಳು ಎರಡನೇ ಸಲ ಕರೆಯುತ್ತಿರಲಿಲ್ಲ, ಯಾಕೆಂದರೆ ಅವಳಿಗೆ ಗೊತ್ತಿತ್ತು, ನಾನು ಕೇಳಿಸಿಕೊಂಡೇ ನಿಂತಿದ್ದೇನೆ ಅಂತ.